ಹಳೇ ಕಾರಿನ ಬ್ಯಾಟರಿ: ಮೊದಲು ಮೈನಸ್ ಬಿಚ್ಚಿ

ಡಿಸೆಂಬರ್ ಚಳಿ ಶುರುವಾದರೆ ಚಿಕ್ಕಮಗಳೂರು ಕಡೆ ಬೆಳಿಗ್ಗೆ ಬೆಳಿಗ್ಗೆ ಕಾರು ತಳ್ಳುವವರು ಜಾಸ್ತಿ. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿಯ ಕಸುವೂ ಇಳಿಯುತ್ತದೆ. ಮಳೆಗಾಲವೆಲ್ಲ ತೋಟದ ಶೆಡ್‌ನಲ್ಲೇ ನಿಂತಿದ್ದ ಮಾರುತಿ 800, ಆಲ್ಟೊಗಳ ಪಾಡಂತೂ ಕೇಳುವುದೇ ಬೇಡ. ಹಾಗಂತ ಕೀ ತಿರುಗಿಸಿದಾಗ ಬರೀ ಟಕ್ ಟಕ್ ಅಂದ ಕೂಡಲೇ ಹೊಸ ಬ್ಯಾಟರಿ ತರಲು ಓಡಬೇಡಿ.

ಬಾನೆಟ್ ಎತ್ತಿ ಟರ್ಮಿನಲ್, ಅಂದರೆ ಬ್ಯಾಟರಿಯ ಕಂಬಕ್ಕೆ ವಯರಿನ ಕ್ಲಾಂಪ್ ಕೂರುವ ಜಾಗ ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದೆಯಾ? ಕೈಯಲ್ಲಿ ತಿರುಗಿಸಿದರೆ ಅಲ್ಲಾಡುತ್ತದಾ? ಹಾಗಿದ್ದರೆ ಬ್ಯಾಟರಿಯನ್ನು ಬಯ್ಯುವ ಮೊದಲು ಅದನ್ನು ಸರಿಮಾಡಿ. ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಕಾರು ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ. 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್‌ಗೆ ಹಾಕಿ. ಚಾರ್ಜ್ ಆದ ಮಾರನೇ ದಿನವೇ ಮತ್ತೆ ಬಿದ್ದರೆ ಅದರ ಕಾಲ ಮುಗಿದಿರಬಹುದು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ಬರಬೇಕು. ಬರದಿದ್ದರೆ ಬೆಲ್ಟ್, ಆಲ್ಟರ್ನೇಟರ್ ನೋಡಿಸಿ. ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು 'ಟೆಸ್ಟ್' ಮಾಡುವವರನ್ನು ಮಾತ್ರ ಕಾರಿನ ಹತ್ತಿರ ಬಿಡಬೇಡಿ. ಎಲೆಕ್ಟ್ರಾನಿಕ್ಸ್ ಸುಟ್ಟುಹೋದೀತು.

ಈಗ ಬಿಚ್ಚುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಕೀ ತೆಗೆಯಿರಿ. ಉಂಗುರ, ಸ್ಟೀಲ್ ಚೈನಿನ ವಾಚು ಬಿಚ್ಚಿಡಿ. ಬೀಡಿ, ಸಿಗರೇಟು ದೂರ ಇರಲಿ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ. ಹತ್ತರ (10 ಎಂಎಂ) ಸ್ಪ್ಯಾನರ್ ಹಿಡಿದು ಮೊದಲು ಮೈನಸ್ ಬಿಚ್ಚಿ. ಯಾಕೆಂದರೆ ಕಾರಿನ ಬಾಡಿಯೆಲ್ಲ ಮೈನಸ್ಸೇ. ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಹಿಂದಿನ ತುದಿ ಬಾಡಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರ್ ಅಲ್ಲೇ ಅಂಟಿಕೊಂಡೀತು. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ಬಿಚ್ಚಿದ ವಯರಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ.

ಟರ್ಮಿನಲ್ ಬರಲಿಲ್ಲ ಅಂತ ಸುತ್ತಿಗೆ ಎತ್ತಬೇಡಿ. ಕಂಬ ಸೀಸದ್ದು, ಮೆತ್ತಗಿರುತ್ತದೆ, ಬುಡ ಬಿರುಕು ಬಿಟ್ಟರೆ ಆ್ಯಸಿಡ್ ಜಿನುಗುತ್ತದೆ. ಸೆಲ್ ಮುಚ್ಚಳಗಳು ಬಿಗಿಯಿವೆಯೇ ನೋಡಿಕೊಂಡು, ಬಿಸಿನೀರಿಗೆ ಅಡುಗೆ ಸೋಡ ಕಲಸಿ ಪುಡಿಯ ಮೇಲೆ ಹಾಕಿ. ನೊರೆ ಉಕ್ಕಿ ಇಳಿಯಲಿ. ಆಮೇಲೆ ಆ ಕಡೆ ಈ ಕಡೆ ತಿರುಗಿಸುತ್ತಾ ಮೇಲಕ್ಕೆ ಎತ್ತಿ. ಕಂಬ, ಕ್ಲಾಂಪಿನ ಒಳಮೈ ಎರಡನ್ನೂ ಹೊಳೆಯುವವರೆಗೆ ಉಜ್ಜಿ. ಸಡಿಲ ಇದೆ ಅಂತ ಮೊಳೆ ಹೊಡೆಯುವವರಿದ್ದಾರೆ, ತಗಡು ತುರುಕುವವರಿದ್ದಾರೆ. ಹೊಸ ಕ್ಲಾಂಪ್ ಹಾಕಿ ಮಾರಾಯ್ರೆ, ಅದಕ್ಕೇನು ಮಹಾ ದುಡ್ಡು?

ಹೊಸದು ಕೊಳ್ಳುವಾಗ ಹಳೆಯದರ ಫೋಟೊ ತೋರಿಸಿ. ಈ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 12 ವೋಲ್ಟ್, 35 ಆಂಪಿಯರ್-ಅವರ್. ಪ್ಲಸ್ ಕಂಬ ಯಾವ ಕಡೆ ಇದೆ ಅನ್ನುವುದರ ಮೇಲೆ ಎಲ್ ಮತ್ತು ಆರ್ ಅಂತ ಎರಡು ಥರ ಬರುತ್ತದೆ. ತಪ್ಪಿ ತಂದರೆ ವಯರೇ ಮುಟ್ಟುವುದಿಲ್ಲ. ತಯಾರಾದ ತಿಂಗಳನ್ನೂ ನೋಡಿ. ಹಳೆಯದನ್ನು ಗುಜರಿಗೆ ಹಾಕಬೇಡಿ, ಅಂಗಡಿಯಲ್ಲೇ ಕೊಟ್ಟು ಬೆಲೆ ಇಳಿಸಿಕೊಳ್ಳಿ.

ಕೂರಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿ ಬಿಗಿಯಾಗಿರಲಿ, ಅದರ ಬದಲು ಸೈಕಲ್ ಟ್ಯೂಬ್ ಕಟ್ಟುವುದು ಬೇಡ. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬಾಟಲಿಯಲ್ಲಿ ಮಾರುವ 'ಬ್ಯಾಟರಿ ಟಾನಿಕ್' ಸುಮ್ನೆ ದಂಡ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ತೋಟದ ಊಟೆ (ಒರತೆ) ನೀರು ಎಷ್ಟೇ ತಿಳಿಯಿದ್ದರೂ ಬೇಡ.

ವಾರಕ್ಕೊಮ್ಮೆ ಚಿಕ್ಕಮಗಳೂರು ಹತ್ತಿರದ ಕೈಮರ ಊರಿನವರೆಗಾದರೂ ಓಡಿಸಿ ಬನ್ನಿ. ಶೆಡ್‌ನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ತಿಂಗಳುಗಟ್ಟಲೆ ಓಡಿಸುವುದಿಲ್ಲ ಅನ್ನುವುದಾದರೆ ಮೈನಸ್ ಬಿಚ್ಚಿಡಿ, ಗಡಿಯಾರದ ಟೈಮ್ ಆಮೇಲೆ ಸರಿಮಾಡಿಕೊಂಡರಾಯಿತು.