ಕೆಂಪು ವೈನಿಗೂ ಫ್ರಿಜ್ ಬೇಕು

ನಮ್ಮಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ ಬಿಕರಿಯಾಗುವುದು ಬ್ರಾಂದಿ, ವಿಸ್ಕಿ, ರಮ್ಮು, ಬಿಯರು. ವೈನ್ ಬಾಟಲಿಗಳು ಎಲ್ಲೋ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟಿಗೆ ತಲೆ ತಾಗಿಸಿಕೊಂಡು ದೂಳು ಹಿಡಿದು ನಿಂತಿರುತ್ತವೆ. ಯಾವ ದ್ರಾಕ್ಷಿ, ಯಾವ ಊರು ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡು ಅಂಥದ್ದೊಂದನ್ನು ಇಳಿಸಿ ತರುತ್ತಾರೆ. ‘ರೆಡ್ ವೈನನ್ನು ಫ್ರಿಜ್‌ನಲ್ಲಿ ಇಡಬಾರದಂತೆ’ ಎಂಬ ಮಾತು ನಂಬಿ ಅಡುಗೆಮನೆ ಕಟ್ಟೆಯ ಮೇಲಿಟ್ಟು, 30 ಡಿಗ್ರಿ ಸೆಕೆಯಲ್ಲಿ ಗ್ಲಾಸಿಗೆ ಬಗ್ಗಿಸಿ, ಒಂದು ಗುಟುಕಿಗೇ ‘ಸ್ಪಿರಿಟ್ ವಾಸನೆ’ ಎಂದು ಮುಖ ಹಿಂಡುತ್ತಾರೆ. ಬಾಟಲಿ ಆರಿಸುವುದರಲ್ಲಿ ಎಡವುವವರಿಗಿಂತ ಮನೆಗೆ ತಂದ ಮೇಲೆ ಕೆಡಿಸುವವರೇ ಜಾಸ್ತಿ. ಅದಕ್ಕೇ ಇಲ್ಲಿ ತಣ್ಣಗೆ ಮಾಡುವ ಕೆಲಸಕ್ಕೆ ಹೆಚ್ಚು ಜಾಗ.

ಮೊದಲು ನಾಲಿಗೆಯ ಲೆಕ್ಕ

ವೈನಿನ ರುಚಿ ನಾಲ್ಕರ ಮೇಲೆ ನಿಂತಿದೆ: ಹುಳಿ, ಒಗರು, ಸಿಹಿ, ಮೈ. ಹುಳಿ ಇದ್ದರೆ ನುಂಗಿದ ಮೇಲೆ ದವಡೆಯ ಮೂಲೆಯಲ್ಲಿ ನೀರೂರುತ್ತದೆ. ಟ್ಯಾನಿನ್ ಎಂದು ಪುಸ್ತಕಗಳು ಪುಟಗಟ್ಟಲೆ ವಿವರಿಸುವುದು ನಮ್ಮ ಒಗರನ್ನೇ. ಎಳೆ ಅಡಿಕೆಯೋ ಬಲಿಯದ ಸೀಬೆಯೋ ಅಗಿದಾಗ ವಸಡು, ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವುದರಿಂದ ಸಿಪ್ಪೆ ಸಮೇತ ಹುದುಗಿಸುವ ಕೆಂಪು ವೈನಿನಲ್ಲಿ ಒಗರು ಹೆಚ್ಚು, ಬಿಳಿಯದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೈ ಎಂದರೆ ಬಾಯಲ್ಲಿ ಕೂರುವ ಭಾರ. ನೀರುಮಜ್ಜಿಗೆಗೂ ಕಡೆದ ಗಟ್ಟಿ ಮಜ್ಜಿಗೆಗೂ ಇರುವ ವ್ಯತ್ಯಾಸ. ಲೇಬಲ್ಲಿನಲ್ಲಿ ಆಲ್ಕೋಹಾಲ್ ಶೇ 12ರ ಆಸುಪಾಸು ಇದ್ದರೆ ಸಾಮಾನ್ಯವಾಗಿ ತೆಳು, 14 ದಾಟಿದರೆ ದಪ್ಪ.

ಹಾಲಿಲ್ಲದ ಡಿಕಾಕ್ಷನ್ ಖುಷಿಯಿಂದ ಕುಡಿಯುವವರಾದರೆ ಕ್ಯಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿಯ ಕೆಂಪು ವೈನಿನಿಂದ ಶುರು ಮಾಡಬಹುದು. ಒಗರು ಜೋರು, ಸರಿಯಾಗಿ ಹಣ್ಣಾಗದ ಬೆಳೆಯಾದರೆ ದಪ್ಪ ಮೆಣಸಿನಕಾಯಿ ಹೆಚ್ಚಿದ ವಾಸನೆಯೂ ಇರುತ್ತದೆ. ಶಿರಾಜ್ ಅದಕ್ಕಿಂತ ಮೆತ್ತಗೆ, ಮೂಗಿಗೆ ಕಾಳುಮೆಣಸು. ಇದು ಕವಿತ್ವವಲ್ಲ, ಕಾಳುಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಮೆರ್ಲೋ ಇನ್ನೂ ಮೆತ್ತಗೆ. ಬಿಳಿಯದರಲ್ಲಿ ಶೆನಿನ್ ಬ್ಲಾಂಕ್ ಸೀಬೆ, ಸೇಬಿನ ಕಡೆಗೆ, ಹಲವು ಸಲ ಚೂರು ಸಿಹಿ. ಸೋವಿನ್ಯೋನ್ ಬ್ಲಾಂಕ್ ಹುಳಿ ಹುಳಿ, ಹಸಿರು ಹಸಿರು, ನಿಂಬೆ ಹಿಂಡಿದಂತೆ. ಶಾರ್ಡನೇ ದಪ್ಪ, ಓಕ್ ಪೀಪಾಯಿಯಲ್ಲಿಟ್ಟದ್ದಾದರೆ ಬೆಣ್ಣೆಯ ವಾಸನೆಯೂ ಬರಬಹುದು. ವಿಯೋನ್ಯೇ ಸಿಕ್ಕರೆ ಬಿಡಬೇಡಿ, ಹೂವಿನ ಘಮಕ್ಕೇ ಹೆಸರಾದ ತಳಿ. ಮೊದಲ ಸಲದವರಿಗೆ ನೇರ ಸಲಹೆ ಒಂದೇ, ಶೆನಿನ್ ಬ್ಲಾಂಕ್. ಇದರಲ್ಲಿ ಎಡವುವುದು ಕಷ್ಟ.

‘ಪೋರ್ಟ್ ವೈನ್’ ಎಂದು ಅಗ್ಗಕ್ಕೆ ಸಿಗುವ ಸಿಹಿ ಕೆಂಪು ಬಾಟಲಿಗಳ ಬಗ್ಗೆ ಒಂದು ಮಾತು. ನಿಜವಾದ ಪೋರ್ಟ್ ಬರುವುದು ಪೋರ್ಚುಗಲ್‌ನ ಡೋರೊ ಕಣಿವೆಯಿಂದ. ಹುದುಗು ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುವುದರಿಂದ ಹಣ್ಣಿನ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇ 20ರ ಸುತ್ತ ಇರುತ್ತದೆ. ನಮ್ಮ ಅಗ್ಗದ ಪೋರ್ಟಿಗೂ ಅದಕ್ಕೂ ಹೆಸರಿನ ನೆಂಟಸ್ತಿಕೆ ಮಾತ್ರ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ವೈನಿಗೆ ಜಾಮ್ ಬಾಟಲಿ ತೆರೆದಂಥ ವಾಸನೆ ಇರುತ್ತದೆ. ಅದು ಆ ತಳಿಯ ಅಮೆರಿಕನ್ ಮೂಲದ ಗುಣ, ಕೆಟ್ಟಿದೆ ಎಂದಲ್ಲ. ಜ್ಯೂಸಿಗೆ ಆ ದ್ರಾಕ್ಷಿಯನ್ನು ಮೀರಿಸಿದ್ದಿಲ್ಲ. ವೈನಿಗೆ ಬೇರೆ ತಳಿ ನೋಡಿ.

ಊರು, ವರ್ಷ, ಬಾಟಲಿಯ ಕತ್ತು

ಯುರೋಪಿನ ಬಾಟಲಿಗಳ ಮೇಲೆ ಬಹಳ ಸಲ ದ್ರಾಕ್ಷಿಯ ಹೆಸರೇ ಇರುವುದಿಲ್ಲ, ಊರಿನ ಹೆಸರಿರುತ್ತದೆ. ಶಾಬ್ಲಿ ಎಂದರೆ ಶಾರ್ಡನೇ, ಸಾನ್ಸೇರ್ ಬಿಳಿಯದಾದರೆ ಸೋವಿನ್ಯೋನ್ ಬ್ಲಾಂಕ್, ಕಿಯಾಂಟಿ ಎಂದರೆ ಮುಖ್ಯವಾಗಿ ಸಾಂಜೊವೇಸೆ, ಬರೋಲೋ ಎಂದರೆ ನೆಬ್ಬಿಯೋಲೋ, ಸ್ಪೇನಿನ ಕೆಂಪು ರಿಯೋಹಾದಲ್ಲಿ ಟೆಂಪ್ರಾನಿಯೋನದೇ ದೊಡ್ಡ ಪಾಲು. ಇಷ್ಟು ಬಾಯಿಪಾಠವಾದರೆ ಡ್ಯೂಟಿ ಫ್ರೀ ಅಂಗಡಿಯಲ್ಲಿ ಮುಜುಗರವಿಲ್ಲ. ಇಲ್ಲಿನ ಅಂಗಡಿಯಲ್ಲಿ ಮಾತ್ರ ವಿದೇಶಿ ಬಾಟಲಿಯ ಬೆಲೆಯಲ್ಲಿ ತೆರಿಗೆಯ ಪಾಲು ದೊಡ್ಡದು. ಸಾವಿರದೈನೂರರ ಒಳಗೆ ಖರ್ಚು ಮಾಡುವುದಾದರೆ ದೇಶಿ ವೈನನ್ನೇ ಕೊಳ್ಳಿ. ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ.

ನಂದಿ ಬೆಟ್ಟದ ತಪ್ಪಲಿನ ತೋಟಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಕಾಯುತ್ತದೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟದವರು 1980ರ ದಶಕದ ಕೊನೆಯಲ್ಲಿ ಫ್ರೆಂಚ್ ತಳಿಗಳನ್ನು ಹಾಕಿದ್ದು ಇಲ್ಲಿಯೇ. ಕೊಪ್ಪಳ ಜಿಲ್ಲೆಯ ಬಿಸಿಲಿನಲ್ಲಿ ಕೃಷ್ಮ ಎಸ್ಟೇಟಿನ ಕ್ಯಾಬರ್ನೆ ಬೆಳೆಯುತ್ತದೆ, ಮೈ ತುಂಬಿದ ವೈನ್. ನಾಸಿಕ್‌ನಿಂದ ಬಿಳಿಯದನ್ನು ನಂಬಿ ಕೊಳ್ಳಬಹುದು. ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಾಟೆಲ್ಲಿ ಕಂಪನಿಯವರ ಸಾಂಜೊವೇಸೆ ನಮ್ಮ ಹುಳಿ ಅಡುಗೆಗೆ ಹೊಂದುವ ಕೆಂಪು.

ವರ್ಷ ನೋಡುವುದು ಯಾಕೆ? ಹಳೆಯದಾದಷ್ಟೂ ಒಳ್ಳೆಯದು ಎಂಬ ಭ್ರಮೆ ಬಿಡುವುದಕ್ಕೆ. ನಮ್ಮ ಬಿಳಿ ಮತ್ತು ರೋಸೆ (ಗುಲಾಬಿ ಬಣ್ಣದ) ವೈನುಗಳನ್ನು ಕೊಯ್ಲಾದ ಎರಡು ವರ್ಷದೊಳಗೆ ಕುಡಿದು ಮುಗಿಸಬೇಕು. ಸಾಧಾರಣ ಕೆಂಪಿಗೆ ಮೂರ್ನಾಲ್ಕು ವರ್ಷ. ಆಮೇಲೂ ಮಾಗುವ ತಾಕತ್ತಿರುವುದು ಕೆಲವಕ್ಕೆ ಮಾತ್ರ. ಕೊಯ್ಲು ಇಲ್ಲಿ ಸುಮಾರು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯುವುದರಿಂದ ಲೇಬಲ್ಲಿನ ವರ್ಷವನ್ನು ಆ ವರ್ಷದ ಬೇಸಿಗೆಯಿಂದಲೇ ಎಣಿಸಿ. ‘ರಿಸರ್ವ್’ ಎಂಬ ಪದಕ್ಕೆ ಮಾರು ಹೋಗಬೇಡಿ. ರಿಯೋಹಾದ ಕೆಂಪಿಗೆ ‘ರೆಸೆರ್ವಾ’ ಎಂದು ಬರೆಯಬೇಕಾದರೆ ಕನಿಷ್ಠ ಮೂರು ವರ್ಷ ಮಾಗಿಸಬೇಕು, ಅದರಲ್ಲಿ ಒಂದು ವರ್ಷವಾದರೂ ಪೀಪಾಯಿಯಲ್ಲಿ. ಎಲ್ಲ ದೇಶದಲ್ಲೂ ಆ ಕಟ್ಟುಪಾಡಿಲ್ಲ. ಬಾಟಲಿಯ ತೂಕ, ತಳದ ಗುಳಿ ನೋಡಿ ಗುಣ ಅಳೆಯುವುದೂ ಅಷ್ಟೇ, ಗಾಜಿಗೆ ಕೊಟ್ಟ ದುಡ್ಡು.

ಕೊಳ್ಳುವಾಗ ಬಾಟಲಿಯ ಕತ್ತು ಹಿಡಿದು ನೋಡಿ. ಕಾರ್ಕು ಮೇಲೆದ್ದಿದ್ದರೆ, ಮುಚ್ಚಳದ ಸುತ್ತ ಅಂಟು ಕಂಡರೆ, ಅದು ಬಿಸಿಯಲ್ಲಿ ಬೆಂದ ಬಾಟಲಿ. ಬಿಳಿ ವೈನು ಒಣಹುಲ್ಲಿನ ಬಣ್ಣ ದಾಟಿ ಕಂದಿದ್ದರೆ ಬೇಡ. ಹಲಗೆಯ ಮೇಲೆ ಪ್ರದರ್ಶನಕ್ಕಿಟ್ಟಿದ್ದನ್ನು ಬಿಟ್ಟು ‘ಒಳಗಿಂದ, ಬಾಕ್ಸಿನದು ಕೊಡಿ’ ಎಂದು ಕೇಳಲು ಸಂಕೋಚ ಬೇಡ. ತಿರುಪು ಮುಚ್ಚಳ ಇದ್ದರೆ ಕೀಳೆಂದುಕೊಳ್ಳಬೇಡಿ, ನಮ್ಮ ಹವೆಗೆ ಅದೇ ವಾಸಿ. ಮನೆಗೆ ಬರುವ ದಾರಿಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಸಿನಿಮಾಕ್ಕೆ ಹೋಗಬೇಡಿ. ಏಪ್ರಿಲ್ ಬಿಸಿಲಿಗೆ ಎರಡು ಗಂಟೆ ಸಾಕು.

ತಣ್ಣಗೆ ಮಾಡುವುದು: ಇಲ್ಲಿಯೇ ಎಲ್ಲರೂ ಬೀಳುವುದು

‘ರೂಮ್ ಟೆಂಪರೇಚರ್’ ಎಂದು ಹೇಳಿದವರ ರೂಮು ಯುರೋಪಿನ ತಣ್ಣನೆಯ ಕಲ್ಲುಮನೆಯದು, 16ರಿಂದ 18 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬಿಟ್ಟರೆ ನಮ್ಮ ಯಾವ ರೂಮೂ ಅಷ್ಟು ತಣ್ಣಗಿರುವುದಿಲ್ಲ. ಮಂಗಳೂರು, ರಾಯಚೂರಿನ ಮಾತೇ ಬೇಡ. ಕೆಂಪು ವೈನು 25 ಡಿಗ್ರಿ ದಾಟಿದರೆ ಆಲ್ಕೋಹಾಲ್ ಆವಿಯೇ ಮುಂದೆ ನುಗ್ಗಿ ಹಣ್ಣಿನ ಘಮವನ್ನು ಮುಚ್ಚುತ್ತದೆ, ಹುಳಿ ಸತ್ತಂತಾಗಿ ಬಾಯಲ್ಲಿ ಜಾಮಿನ ನೀರಿನಂತೆ ಸಪ್ಪೆ ಹೊಡೆಯುತ್ತದೆ. ತೀರಾ ತಣ್ಣಗಾದರೂ ಕಷ್ಟವೇ: ಒಗರು ಮುಳ್ಳಾಗುತ್ತದೆ, ಘಮ ಬಾಗಿಲು ಹಾಕಿಕೊಳ್ಳುತ್ತದೆ. ಬಿಳಿಯದನ್ನು 4 ಡಿಗ್ರಿಯಲ್ಲಿ ಕುಡಿದರೆ ನಿಂಬೆ ಶರಬತ್ತಿಗೂ ಅದಕ್ಕೂ ವ್ಯತ್ಯಾಸ ತಿಳಿಯದು.

ಬೇಕಾದ ಅಳತೆ ಹೀಗೆ. ನೊರೆ (ಸ್ಪಾರ್ಕ್ಲಿಂಗ್) ವೈನಿಗೆ 6ರಿಂದ 8 ಡಿಗ್ರಿ. ಶೆನಿನ್, ಸೋವಿನ್ಯೋನ್ ಬ್ಲಾಂಕ್, ರೋಸೆಗೆ 8ರಿಂದ 10. ಓಕ್ ಕಂಡ ಶಾರ್ಡನೇಗೆ 11ರಿಂದ 13. ತೆಳು ಕೆಂಪಿಗೆ 13, 14. ಶಿರಾಜ್, ಕ್ಯಾಬರ್ನೆಗೆ 16ರಿಂದ 18.

ಮನೆಯ ಫ್ರಿಜ್ಜು ಸುಮಾರು 4 ಡಿಗ್ರಿಯಲ್ಲಿ ಓಡುತ್ತದೆ. 28 ಡಿಗ್ರಿಯಲ್ಲಿದ್ದ ಬಾಟಲಿ ಅದರೊಳಗೆ 17ಕ್ಕೆ ಇಳಿಯಲು ಒಂದರಿಂದ ಒಂದೂವರೆ ಗಂಟೆ ಬೇಕು. 9ಕ್ಕೆ ಇಳಿಯಲು ನಾಲ್ಕು ಗಂಟೆಯ ಹತ್ತಿರ. ಊಟಕ್ಕೆ ಎಂಟು ಗಂಟೆಗೆ ಕೂರುವುದಾದರೆ ಬಿಳಿಯದನ್ನು ನಾಲ್ಕಕ್ಕೆ, ಕೆಂಪನ್ನು ಆರೂವರೆಗೆ ಒಳಗಿಡಿ. ಬೆಳಗ್ಗೆಯೇ ಇಟ್ಟು ಮರೆತಿದ್ದರೆ ಕೆಂಪನ್ನು ಊಟಕ್ಕೆ ಮುಕ್ಕಾಲು ಗಂಟೆ ಮೊದಲೇ ಹೊರಗೆ ತೆಗೆದಿಡಿ. ಫ್ರಿಜ್ಜಿನ ಬಾಗಿಲಲ್ಲಿ ಇಡುವುದಕ್ಕಿಂತ ಒಳಗಿನ ಹಲಗೆಯಲ್ಲಿ, ಹಿಂಗೋಡೆಗೆ ತಾಗದಂತೆ ಇಡಿ.

ನೆಂಟರು ಬಾಗಿಲಲ್ಲಿದ್ದಾರೆ, ಬಾಟಲಿ ಇನ್ನೂ ಬಿಸಿ ಎಂದಾದರೆ ಫ್ರೀಜರಿಗೆ ಕೈ ಹಾಕಬೇಡಿ. ‘ಹತ್ತೇ ನಿಮಿಷ’ ಎಂದು ಇಟ್ಟದ್ದು ಮಾತಿನಲ್ಲಿ ಮರೆತುಹೋಗಿ, ವೈನು ಹೆಪ್ಪುಗಟ್ಟಿ, ಕಾರ್ಕನ್ನು ತಳ್ಳಿ ಮಾಂಸದ ಪೊಟ್ಟಣದ ಮೇಲೆಲ್ಲ ಹರಿದಿರುತ್ತದೆ. ನೊರೆ ವೈನಾದರೆ ಗಾಜೇ ಸಿಡಿಯಬಹುದು. ಅದರ ಬದಲು ಒಂದು ಆಳವಾದ ಬಕೆಟ್ಟು ತೆಗೆದುಕೊಳ್ಳಿ. ಅರ್ಧ ಐಸು, ಅರ್ಧ ನೀರು. ನೀರು ಬೇಕೇ ಬೇಕು. ಬರೀ ಐಸು ತುಂಬಿದರೆ ತುಂಡುಗಳ ನಡುವೆ ಗಾಳಿ ಉಳಿದು ಗಾಜಿಗೆ ತಂಪು ಸರಿಯಾಗಿ ಹತ್ತುವುದಿಲ್ಲ. ಒಂದು ಹಿಡಿ ಕಲ್ಲುಪ್ಪು ಹಾಕಿದರೆ ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ, ಐಸ್ ಕ್ಯಾಂಡಿ ಮಾಡುವವರ ಹಳೇ ಉಪಾಯ. ಬಾಟಲಿಯ ಕತ್ತಿನವರೆಗೂ ನೀರು ಬರಬೇಕು, ಇಲ್ಲದಿದ್ದರೆ ಮೊದಲ ಗ್ಲಾಸು ಬಿಸಿ, ಕೊನೆಯದು ತಣ್ಣಗೆ. ಎರಡು ನಿಮಿಷಕ್ಕೊಮ್ಮೆ ಬಾಟಲಿಯನ್ನು ನಿಂತಲ್ಲೇ ತಿರುಗಿಸಿ. ಕೆಂಪಿಗೆ ಏಳೆಂಟು ನಿಮಿಷ, ಬಿಳಿಗೆ ಹದಿನೈದರಿಂದ ಇಪ್ಪತ್ತು. ಉಪ್ಪು ಹಾಕಿದ್ದರೆ ಇನ್ನೂ ಬೇಗ. ಹೊರಗೆ ತೆಗೆದ ಮೇಲೆ ಬಾಟಲಿ ಒರೆಸಿ, ಉಪ್ಪುನೀರು ಗ್ಲಾಸಿಗೆ ತೊಟ್ಟಿಕ್ಕಬಾರದು.

ಗ್ಲಾಸಿಗೆ ಐಸ್ ತುಂಡು ಹಾಕುವುದು ನೀರು ಬೆರೆಸಿದಂತೆಯೇ. ವೈನ್ ತಂಪು ಮಾಡಲು ಮಾರುವ ಸೋಪ್‌ಸ್ಟೋನ್ ಬಿಲ್ಲೆಗಳು ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಸುವುದಿಲ್ಲ, ದುಡ್ಡು ದಂಡ. ಆ ದುಡ್ಡಿಗೆ ಅಡುಗೆಯ ಚೂಪು ಥರ್ಮಾಮೀಟರ್ ಕೊಂಡರೆ ಉಪಯೋಗ. ಅದೂ ಇಲ್ಲವೆಂದರೆ ಅಂಗೈ ಇದೆ: ಕೆಂಪಿನ ಬಾಟಲಿ ಮಣ್ಣಿನ ಹೂಜಿ ಮುಟ್ಟಿದಷ್ಟು ತಂಪಿದ್ದರೆ ಸಾಕು, ಬಿಳಿಯದರ ಮೇಲೆ ಹನಿ ಮೂಡಿರಬೇಕು.

ಗ್ಲಾಸಿಗೆ ಬಿದ್ದ ವೈನು ನಮ್ಮ ಸೆಕೆಗೆ ಸರಸರ ಬಿಸಿಯಾಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಎರಡು ಡಿಗ್ರಿ ಕಡಿಮೆಯಲ್ಲೇ ಬಗ್ಗಿಸಿ, 100 ಮಿಲಿಲೀಟರಿಗಿಂತ ಹೆಚ್ಚು ಬೇಡ, ಬಾಟಲಿ ಮತ್ತೆ ಬಕೆಟ್ಟಿಗೆ. ಒಂದು ಸಲ ಕೈಯಾರೆ ಪರೀಕ್ಷಿಸಿ: ಒಂದೇ ಶಿರಾಜ್ ಬಾಟಲಿಯಿಂದ ಒಂದು ಗ್ಲಾಸು ಬಗ್ಗಿಸಿ ಹೊರಗಿಡಿ, ಬಾಟಲಿಯನ್ನು ಒಂದೂವರೆ ಗಂಟೆ ಫ್ರಿಜ್‌ನಲ್ಲಿಟ್ಟು ಇನ್ನೊಂದು ಗ್ಲಾಸು ಬಗ್ಗಿಸಿ. ಮೂಗು ಹತ್ತಿರ ತಂದಾಗ ಒಂದರಲ್ಲಿ ಇಂಜೆಕ್ಷನ್ ಹತ್ತಿಯ ವಾಸನೆ, ಇನ್ನೊಂದರಲ್ಲಿ ಮೆಣಸು, ನೇರಳೆ.

ತೆರೆಯುವುದು, ಬಗ್ಗಿಸುವುದು

ತಿರುಪು ಮುಚ್ಚಳ ತಿರುಗಿಸಿದರೆ ಮುಗಿಯಿತು. ಕಾರ್ಕಿಗೆ ವೇಟರುಗಳ ಜೇಬಿನಲ್ಲಿರುವ ಮಡಚುವ ಸ್ಕ್ರೂವೇ ಸರಿ. ಎರಡು ರೆಕ್ಕೆಯ ಯಂತ್ರದಲ್ಲಿ ಸ್ಕ್ರೂ ದಪ್ಪ, ಹಳೇ ಕಾರ್ಕನ್ನು ಪುಡಿ ಮಾಡುತ್ತದೆ. ನೊರೆ ವೈನಿನೊಳಗೆ ಕಾರಿನ ಟೈರಿಗಿಂತ ಎರಡು ಪಟ್ಟಿಗೂ ಹೆಚ್ಚು ಒತ್ತಡ ಇರಬಹುದು. ತಂತಿ ಸಡಿಲಿಸುವಾಗಿನಿಂದ ಹೆಬ್ಬೆರಳು ಕಾರ್ಕಿನ ಮೇಲಿರಲಿ, ಬಾಟಲಿಯನ್ನು 45 ಡಿಗ್ರಿ ವಾಲಿಸಿ, ಕಾರ್ಕು ಹಿಡಿದು ಬಾಟಲಿಯನ್ನು ತಿರುಗಿಸಿ. ‘ಟಪ್’ ಎನ್ನಬಾರದು, ‘ಉಸ್’ ಎನ್ನಬೇಕು.

ಗ್ಲಾಸು ಮೇಲೆ ಕಿರಿದಾಗುತ್ತಾ ಬರಲಿ, ಮೂರನೇ ಒಂದು ಭಾಗ ಮಾತ್ರ ತುಂಬಿ. ಸ್ಟೀಲ್ ಲೋಟದಲ್ಲಿ ಕುಡಿದರೆ ಅಪಚಾರವೇನಿಲ್ಲ, ಬಾಯಿ ಅಗಲವಾದ್ದರಿಂದ ಘಮ ನಿಲ್ಲುವುದಿಲ್ಲ ಅಷ್ಟೇ. ಪಾತ್ರೆ ಸೋಪಿನ ನಿಂಬೆ ವಾಸನೆ ಉಳಿದ ಗ್ಲಾಸು ಅದಕ್ಕಿಂತ ಕೆಟ್ಟದ್ದು, ಬಿಸಿನೀರಲ್ಲಿ ತೊಳೆದು ಒಣಗಿಸಿ. ಮೂಸಿದಾಗ ನೆನೆದ ಗೋಣಿಚೀಲದ ವಾಸನೆ ಬಂದರೆ ಕಾರ್ಕು ಕೆಟ್ಟಿದೆ. ಗಾಳಿಗೆ ಬಿಟ್ಟರೂ ಅದು ಹೋಗುವುದಿಲ್ಲ, ಕಾದು ಕೂರಬೇಡಿ.

ನಮ್ಮ ಊಟದ ಜೊತೆ

ಖಾರದ ಜೊತೆ ಒಗರು, ಆಲ್ಕೋಹಾಲ್ ಎರಡೂ ಜಗಳಗಂಟರು. ಮೆಣಸಿನಕಾಯಿ ಕೆರಳಿಸುವ ನರಗಳನ್ನೇ ಆಲ್ಕೋಹಾಲೂ ಕೆರಳಿಸುವುದರಿಂದ ಶೇ 14ರ ಕ್ಯಾಬರ್ನೆ ಜೊತೆ ಕೋಳಿ ಸುಕ್ಕ ತಿಂದರೆ ಬಾಯಿ ಹೊತ್ತಿಕೊಳ್ಳುತ್ತದೆ. ಖಾರ ಹೆಚ್ಚಿದ್ದಷ್ಟೂ ತಣ್ಣಗಿನ, ತೆಳುವಾದ, ಚೂರು ಸಿಹಿಯ ಬಿಳಿ ಅಥವಾ ರೋಸೆ. ಬಂಗುಡೆ ಗಸಿಗೆ ಶೆನಿನ್. ಹುಣಸೆ ಹುಳಿ ಜೋರಿರುವ ಅಡುಗೆಯ ಎದುರು ವೈನಿನ ಹುಳಿ ಅದಕ್ಕಿಂತ ಕಡಿಮೆಯಾದರೆ ವೈನು ನೀರಾಗುತ್ತದೆ. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಗೆ ಸಾಂಜೊವೇಸೆಯನ್ನು 15 ಡಿಗ್ರಿಯಲ್ಲಿ ಕೊಡಿ. ಕ್ಯಾಬರ್ನೆಯ ಒಗರಿಗೆ ಬೇಕಿರುವುದು ಕೊಬ್ಬು, ಖಾರವಿಲ್ಲದ ಮಾಂಸ. ಸುಟ್ಟ ಕುರಿ ಚಾಪ್ಸ್ ಇದ್ದರೆ ಅದು ಹೊರಬರಲಿ. ಕರಿದದ್ದಕ್ಕೆ ನೊರೆ ವೈನ್. ಮದ್ದೂರು ವಡೆಯ ಜೊತೆ ಇದನ್ನು ಕುಡಿಯದವರು ಒಮ್ಮೆ ಕುಡಿದು ನೋಡಿ, ಎಣ್ಣೆ ಜಿಡ್ಡನ್ನು ಬಾಯಿಂದ ತೊಳೆದುಕೊಂಡೇ ಹೋಗುತ್ತದೆ. ಹೋಳಿಗೆ ಬಡಿಸಿದ ಮೇಲೆ ಡ್ರೈ, ಅಂದರೆ ಸಿಹಿಯಿಲ್ಲದ ವೈನ್ ಬಗ್ಗಿಸಬೇಡಿ, ಬರೀ ಹುಳಿ ಎನಿಸುತ್ತದೆ.

ಉಳಿದರೆ

750 ಮಿಲಿಲೀಟರಿನ ಬಾಟಲಿ ಇಬ್ಬರಿಗೆ ಒಂದೇ ಕೂತಿಗೆ ಹೆಚ್ಚು. ಉಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ತೆರೆದ ಕೂಡಲೇ ಅರ್ಧವನ್ನು ಚೆನ್ನಾಗಿ ತೊಳೆದ ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೂ ತುಂಬಿ, ಮುಚ್ಚಿ, ಫ್ರಿಜ್‌ನಲ್ಲಿಡಿ. ಗಾಳಿ ಕಡಿಮೆ ತಾಗಿದಷ್ಟೂ ಬಾಳಿಕೆ; ನಾಲ್ಕೈದು ದಿನ ನಡೆಯುತ್ತದೆ. ಅರ್ಧ ಖಾಲಿ ಬಾಟಲಿಯಲ್ಲೇ ಬಿಟ್ಟರೆ ಎರಡು ದಿನ, ಕೆಂಪಾದರೂ ಫ್ರಿಜ್‌ನಲ್ಲೇ. ನೊರೆ ವೈನಿನ ಬಾಯಿಗೆ ಚಮಚ ಸಿಕ್ಕಿಸಿದರೆ ನೊರೆ ಉಳಿಯುತ್ತದೆ ಎನ್ನುವುದು ಕಟ್ಟುಕತೆ, ಕ್ಲಿಪ್ಪಿನ ಮುಚ್ಚಳ ಬೇಕು. ಮೂಸಿದಾಗ ಹೆಚ್ಚಿಟ್ಟು ಕಪ್ಪಾದ ಸೇಬಿನ ವಾಸನೆ ಬಂದರೆ ಕುಡಿಯುವ ಕಾಲ ಮುಗಿಯಿತು, ಮಟನ್ ನೆನೆಸಲು ಇನ್ನೂ ಆಗುತ್ತದೆ. ವಿನಿಗರ್ ವಾಸನೆ ಬಂದರೆ ಅದಕ್ಕೂ ಬೇಡ.