ಓಮದ ಎಣ್ಣೆಯೂ ಕೋಳಿಮಾಂಸದ ಸಾಲ್ಮೊನೆಲ್ಲಾವೂ

ಹಸಿ ಕೋಳಿಮಾಂಸದಿಂದ ಬಂದು ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ. ಓಮದಂಥ ಮಸಾಲೆ ಎಣ್ಣೆಗೆ ಅದು ಸಾಯುತ್ತಾ ಅಂತ ಕೇಳಿದರೆ, ಸಾಯುತ್ತೆ. ಆದರೆ ಎಲ್ಲಿ, ಎಷ್ಟು ಹಾಕಿದರೆ? ಲ್ಯಾಬಿನಲ್ಲಿ ನನ್ನ ಸಮಯವೆಲ್ಲ ಹೋಗಿದ್ದು ಅದಕ್ಕೇ.

ಬೆಂಗಳೂರಿನ ಅಂಗಡಿಗಳಿಂದ ಹಸಿ ಕೋಳಿಮಾಂಸ ತಂದು, 25 ಗ್ರಾಂ ತೂಗಿ, ಬ್ಯಾಕ್ಟೀರಿಯಾ ಚೇತರಿಸಿಕೊಂಡು ಬೆಳೆಯಲಿ ಅಂತ 225 ಮಿಲಿ ಪೆಪ್ಟೋನ್ ನೀರಿನಲ್ಲಿ (ಪೋಷಕಾಂಶದ ನೀರು) ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ. ಆಮೇಲೆ ಸಾಲ್ಮೊನೆಲ್ಲಾಗೆ ಒಗ್ಗುವ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಅದಾದ ಮೇಲೆ ಎಕ್ಸ್‌ಎಲ್‌ಡಿ ಪ್ಲೇಟ್, ಅಂದರೆ ಸಾಲ್ಮೊನೆಲ್ಲಾವನ್ನು ಬಣ್ಣದಿಂದ ಗುರುತಿಸುವ ತಟ್ಟೆ. ಮರುದಿನ ಕೆಂಪು ಕಾಲೊನಿ, ನಡುವೆ ಕಪ್ಪು ಚುಕ್ಕಿ ಕಂಡರೆ ಖುಷಿ. ಆದರೆ ಬಣ್ಣ ನೋಡಿ ಬರೆದುಕೊಳ್ಳಬಾರದು. ಸಾಲ್ಮೊನೆಲ್ಲಾದ ಗುರುತಾದ ಇನ್ವ್‌ಎ ಜೀನಿಗೆ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿಯೇ ಖಚಿತ ಮಾಡಿಕೊಂಡೆ.

ಸಿಕ್ಕ ತಳಿಗಳು ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತವೆ ಅಂತ ನೋಡಲು, ಬ್ಯಾಕ್ಟೀರಿಯಾ ಹರಡಿದ ಅಗರ್ (ಜೆಲ್ಲಿಯಂಥ ಗಟ್ಟಿ ಮಾಧ್ಯಮ) ಮೇಲೆ ಔಷಧ ಹೀರಿದ ಕಾಗದದ ಡಿಸ್ಕ್ ಇಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬಿಟ್ಟ ಖಾಲಿ ವೃತ್ತ ಅಳೆಯುವುದು ರೂಢಿ. ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್‌ಗೆ ಇದು ನಡೆಯಲ್ಲ, ಅದರ ಕಣ ದೊಡ್ಡದು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಬ್ರಾತ್‌ನಲ್ಲೇ ನೋಡಬೇಕು. ಕೋಳಿ, ದನಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಮ್ಮ ದೇಶ 2019ರಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಔಷಧ ನಾಟದಾಗ ಕೈಗೆತ್ತಿಕೊಳ್ಳುವ ಮದ್ದು ಅದು.

ಓಮದ ಎಣ್ಣೆಯದೂ ಹೆಚ್ಚುಕಡಿಮೆ ಅದೇ ಕಥೆ, ಕಾರಣ ಮಾತ್ರ ಬೇರೆ. ನೀರಿಗೆ ಸೇರುವುದಿಲ್ಲ, ಅಗರ್‌ನಲ್ಲಿ ಹರಡುವುದಿಲ್ಲ, ಮೇಲಾಗಿ ಆರಿಹೋಗುತ್ತೆ. ಔಷಧಕ್ಕಿರುವ ಹಾಗೆ "ಇಷ್ಟು ಮಿಲಿಮೀಟರ್ ಇದ್ದರೆ ಸೂಕ್ಷ್ಮ" ಅನ್ನುವ ಗೆರೆ ಎಣ್ಣೆಗಿಲ್ಲ. ದೊಡ್ಡ ವೃತ್ತ ತೋರಿಸಿ ಆಂಟಿಬಯೋಟಿಕ್‌ಗಿಂತ ಮೇಲು ಅನ್ನುವ ಫೋಟೋಗಳನ್ನು ನಾನಂತೂ ನಂಬಲ್ಲ.

ಹಾಗಾಗಿ 96 ಗುಳಿಯ ಪ್ಲೇಟ್ ಹಿಡಿದು, ಗುಳಿಯಿಂದ ಗುಳಿಗೆ ಎಣ್ಣೆ ಕಡಿಮೆ ಮಾಡುತ್ತ ಹೋದೆ. ಬ್ರಾತ್‌ಗೆ ಬರೀ 0.15 ಶೇಕಡಾ ಅಗರ್ ಬೆರೆಸಿದರೆ ಅದು ಗಟ್ಟಿಯಾಗದೆ ತುಸು ಮಂದವಾಗುತ್ತೆ, ಎಣ್ಣೆ ಮೇಲೆ ತೇಲದೆ ಹರಡಿಕೊಂಡಿರುತ್ತೆ. ಎಣ್ಣೆಯ ಆವಿ ಪಕ್ಕದ ಗುಳಿಗೂ ಹೋಗುತ್ತೆ, ಎಣ್ಣೆಯೇ ಇಲ್ಲದ ಕಂಟ್ರೋಲ್ (ಹೋಲಿಕೆಯ) ಗುಳಿಯಲ್ಲೂ ಬೆಳವಣಿಗೆ ಕುಂಠಿತವಾಗುತ್ತೆ. ಅದಕ್ಕೆ ನಡುವೆ ಒಂದು ಸಾಲು ಖಾಲಿ ಬಿಟ್ಟು, ಮೇಲೆ ಫಿಲ್ಮ್ ಅಂಟಿಸಿದೆ. ಕೊನೆಗೆ ರೆಸಜುರಿನ್ ಅನ್ನುವ ನೀಲಿ ಬಣ್ಣ. ಜೀವ ಇದ್ದಲ್ಲಿ ನೀಲಿ ಹೋಗಿ ಗುಲಾಬಿ ಬರುತ್ತೆ, ನೀಲಿಯಾಗೇ ಉಳಿದ ಕೊನೆಯ ಗುಳಿಯೇ, ಅಂದರೆ ಸಾಕಾಗುವ ಅತಿ ಕಡಿಮೆ ಎಣ್ಣೆಯೇ, ನಮ್ಮ ಉತ್ತರ.

ಬೇರೆ ಬೇರೆ ಆಂಟಿಬಯೋಟಿಕ್‌ಗೆ ಬಗ್ಗದ ತಳಿಗಳೂ ಬಗ್ಗುವ ತಳಿಗಳೂ ಓಮದ ಎಣ್ಣೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸತ್ತವು. ಓಮದ ಥೈಮಾಲ್, ಲವಂಗದ ಯೂಜಿನಾಲ್ ಬ್ಯಾಕ್ಟೀರಿಯಾದ ಪೊರೆಯನ್ನೇ ಹಾಳು ಮಾಡುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತೆ. ಪೆನ್ಸಿಲಿನ್ ಒಡೆಯುವ ಕಿಣ್ವ ಎಷ್ಟಿದ್ದರೇನು, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಮಾಂಸದಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಕೊಬ್ಬು, ಪ್ರೋಟೀನ್ ಎರಡೂ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬ್ರಾತ್‌ನಲ್ಲಿ ಸಾಕಾದ ಪ್ರಮಾಣ ಕೀಮಾದಲ್ಲಿ ಏನೂ ಮಾಡಲಿಲ್ಲ. ಸಾಕಾಗುವಷ್ಟು ಹಾಕಿದಾಗ ಅದು ಕೋಳಿ ಅನ್ನಿಸಲಿಲ್ಲ, ಮಗುವಿನ ಹೊಟ್ಟೆನೋವಿನ ಮದ್ದಿನ ವಾಸನೆ! ಮನೇಲಿ ಇದನ್ನು ಸವರಿ ನೆಮ್ಮದಿಯಾಗಿರೋಣ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ. ಔಷಧಕ್ಕೆ ಬಗ್ಗದ ಸಾಲ್ಮೊನೆಲ್ಲಾ ಬೆಂಕಿಗೆ ಬಗ್ಗುತ್ತೆ. ತುಂಡಿನ ಒಳಗೆ 74 ಡಿಗ್ರಿ ಮುಟ್ಟಿದರೆ ಸಾಕು.

ನನಗೆ ಈಗ ಆಸೆ ಇರುವುದು ಕೋಳಿಯ ಆಹಾರದಲ್ಲಿ. ಅಲ್ಲೂ ಒಂದು ತೊಡಕಿದೆ. ಥೈಮಾಲ್ ಕರುಳಿನ ಮೊದಲ ಭಾಗದಲ್ಲೇ ಹೀರಿಹೋಗುತ್ತೆ, ಸಾಲ್ಮೊನೆಲ್ಲಾ ಬೀಡುಬಿಡುವುದು ಕೊನೆಯ ಕುರುಡುಕರುಳಿನಲ್ಲಿ. ಅಲ್ಲಿವರೆಗೆ ತಲುಪಲಿ ಅಂತ ಕೊಬ್ಬಿನ ಲೇಪನ ಕೊಟ್ಟ ಪುಡಿಯ ಮೇಲೆ ಈಗ ಕೆಲಸ ನಡೆಸಿದ್ದೇನೆ.