ಕೇಂದ್ರ ಸಿಗದ ಕಮಾನನ್ನು ಅಳೆಯುವುದು ಹೇಗೆ

ಹಳೆ ಮನೆಗಳ ಕಿಟಕಿ ಕಮಾನಿಗೆ ಮರದ ಚೌಕಟ್ಟು ಕೂರಿಸುವುದು ನನ್ನ ಕೆಲಸ. ಗೋಡೆ ಕಟ್ಟಿದವರು ಕೇಂದ್ರ ಎಲ್ಲಿ ಹಿಡಿದಿದ್ದರೋ ಹೇಳುವವರಿಲ್ಲ. ಪರವಾಗಿಲ್ಲ, ಎರಡು ಅಳತೆಯಿಂದ ಅದನ್ನು ಹುಡುಕಬಹುದು.

ಕಮಾನು ಶುರುವಾಗುವ ಎರಡು ಬದಿಗೂ ಮುಟ್ಟುವಂತೆ ನೆಟ್ಟನೆಯ ರೀಪು ಇಟ್ಟು ರಸಮಟ್ಟ ನೋಡಿ. ಆ ಅಗಲವೇ ಜ್ಯಾ. ಅದರ ನಟ್ಟನಡುವಿನಿಂದ ಕಮಾನಿನ ನೆತ್ತಿಗಿರುವ ಎತ್ತರ ಶರ. ಅಗಲ 48 ಇಂಚು, ಎತ್ತರ 12 ಇಂಚು ಬಂತೆನ್ನಿ. ಅರ್ಧ ಅಗಲ 24ರ ವರ್ಗ 576. ಅದನ್ನು 12ರಿಂದ ಭಾಗಿಸಿದರೆ 48. ಮತ್ತೆ 12 ಕೂಡಿಸಿದರೆ 60. ಇದು ವ್ಯಾಸ, ತ್ರಿಜ್ಯ 30. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ‘ಲೀಲಾವತಿ’ಯಲ್ಲಿ ಕೊಟ್ಟಿರುವ ಲೆಕ್ಕವೂ ಇದೇ.

ಇಲ್ಲಿಗೇ ಗರಗಸ ಎತ್ತಿಕೊಳ್ಳಬೇಡಿ. ಒಂದೇ ಗೆರೆಯಲ್ಲಿಲ್ಲದ ಯಾವ ಮೂರು ಬಿಂದುಗಳ ಮೇಲೂ ಒಂದು ವೃತ್ತ ಹಾಯುತ್ತದೆ. ಹಾಗಾಗಿ ಕಮಾನು ಸೊಟ್ಟಗಿದ್ದರೂ ಲೆಕ್ಕ ಉತ್ತರ ಕೊಟ್ಟೇ ಕೊಡುತ್ತದೆ. ಸಾಕ್ಷಿ ಬೇಕಾದರೆ ನಾಲ್ಕನೇ ಬಿಂದು ಅಳೆಯಬೇಕು. ನಡುವಿನಿಂದ 12 ಇಂಚು ಪಕ್ಕಕ್ಕೆ ಸರಿದು ಎತ್ತರ ಹಿಡಿಯಿರಿ. 30ರ ವರ್ಗ 900ರಲ್ಲಿ 144 ಕಳೆದರೆ 756. ಅದರ ವರ್ಗಮೂಲ ಸುಮಾರು 27½. ಕೇಂದ್ರ ರೀಪಿನಿಂದ 18 ಇಂಚು (ತ್ರಿಜ್ಯ 30ರಲ್ಲಿ ಶರ 12 ಕಳೆದಷ್ಟು) ಕೆಳಗಿರುವುದರಿಂದ ಅಷ್ಟು ಕಳೆಯಿರಿ: 9½ ಇಂಚು ಬರಬೇಕು. ಎಡಕ್ಕೂ ಬಲಕ್ಕೂ ಅಷ್ಟೇ ಬಂದರೆ ಅದು ನಿಜವಾದ ವೃತ್ತದ ತುಂಡು. ಕಾಲಿಂಚು ಆಚೀಚೆಯಾದರೂ ಲೆಕ್ಕ ಬಿಟ್ಟು, ರಟ್ಟು ಒತ್ತಿ ಹಿಡಿದು ಕಮಾನಿನ ಅಂಚನ್ನೇ ಗೀಚಿಕೊಳ್ಳಿ. ಹಳೆಯ ಗಾರೆ ಗೋಡೆಯಲ್ಲಿ ನಾನು ಈ ಪರೀಕ್ಷೆ ಬಿಡುವುದೇ ಇಲ್ಲ.

ಸರಿ ಬಂದರೆ, ರೀಪಿನಲ್ಲಿ 30 ಇಂಚು ಅಂತರಕ್ಕೆ ಎರಡು ತೂತು ಕೊರೆದು, ಒಂದಕ್ಕೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲ್ ಹಾಕಿ ಪ್ಲೈವುಡ್ ಮೇಲೆ ಎಳೆಯಿರಿ. ದಾರ ಬೇಡ, ಅದು ಹಿಗ್ಗುತ್ತದೆ.

ಅಂಚಿನ ಪಟ್ಟಿಗೆ ಬಾಗಿದ ಉದ್ದ ಬೇಕು. ಕಮಾನಿನ ಬುಡದಿಂದ ನೆತ್ತಿಗೆ ನೇರವಾಗಿ ಟೇಪು ಹಿಡಿದರೆ 26.83 ಇಂಚು ಬರುತ್ತದೆ. ಅದರ ಎಂಟರಷ್ಟರಲ್ಲಿ ಅಗಲ ಕಳೆದು ಮೂರರಿಂದ ಭಾಗಿಸಿ: ಸುಮಾರು 55.5. ನಿಖರ ಉದ್ದ 55.6, ಮರಗೆಲಸಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೂ ಪಟ್ಟಿಯನ್ನು ಒಂದಿಂಚು ಹೆಚ್ಚಿಗೇ ಕತ್ತರಿಸಿ, ಕೂರಿಸುವಾಗ ತುದಿ ತೆಗೆಯಿರಿ. ಕಮಾನು ಪೂರ್ತಿ ಅರ್ಧವೃತ್ತವೇ ಆಗಿದ್ದರೆ ಇಷ್ಟೆಲ್ಲ ಬೇಡ: ಅಗಲವನ್ನು 11ರಿಂದ ಗುಣಿಸಿ 7ರಿಂದ ಭಾಗಿಸಿದರೆ ಪಟ್ಟಿಯ ಉದ್ದ ಸಿಗುತ್ತದೆ.